ವಲ್ಲಿಯ ಕೆಳಗಿನ ಕೈ

ನಮ್ಮಪ್ಪ ಕುರಿ ದಲ್ಲಾಳಿ. ಜಗಳೂರಿನ ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕಸುಬು. ಬಾಯಿ ಇದ್ದವನು ಬದುಕುವ ಕೆಲಸ ಅಂತ ಜನ ತಿಳಿದಿದ್ದರು. ಅಲ್ಲವೇ ಅಲ್ಲ. ಬಾಯಲ್ಲಿ ಅವನು ಆಡುತ್ತಿದ್ದದ್ದೆಲ್ಲ ತಮಾಷೆ, ಬೈಗುಳ, ಊರ ಉಸಾಬರಿ. ನಿಜವಾದ ಮಾತು ನಡೆಯುತ್ತಿದ್ದದ್ದು ಹೆಗಲ ಮೇಲಿನ ವಲ್ಲಿಯ ಕೆಳಗೆ. ಇಬ್ಬರೂ ಕೈ ಸೇರಿಸಿ ಮೇಲೆ ವಲ್ಲಿ ಹೊದಿಸಿದರೆ ಆಯಿತು, ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಲೆಕ್ಕ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಬಟ್ಟೆ ಅಲ್ಲಾಡುವುದು ಕಾಣುತ್ತದೆಯೇ ಹೊರತು ಇನ್ನೇನೂ ಕಾಣುವುದಿಲ್ಲ. ವ್ಯಾಪಾರ ಕುದುರಿತೋ, ವಲ್ಲಿ ಕೊಡವಿ ಹೆಗಲಿಗೆ. ಒಳಗೆ ಏನಾಯಿತು ಅಂತ ಆಮೇಲೆ ಯಾರೂ ಕೇಳಬಾರದು, ಹೇಳಲೂ ಬಾರದು. ಸಂತೆಯ ಕಟ್ಟು ಅದು.

ಹೆಣ್ಣುಮಕ್ಕಳಿಗೆ ಈ ಕೈಲೆಕ್ಕ ಯಾರೂ ಕಲಿಸುವುದಿಲ್ಲ. ನನಗೆ ಅಪ್ಪ ಕಲಿಸಿದ. ನಾನು ಒಬ್ಬಳೇ ಮಗಳು, ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ಅವನಿಗೆ ಆಡಾಕೆ ಬೇರೆ ಯಾರಿದ್ದರು? ಸಂಜೆ ಬಂದವನೇ ವಲ್ಲಿ ಹೊದಿಸಿ, "ಎಷ್ಟು ರೊಟ್ಟಿ ತಿಂದೆ, ಹೇಳು" ಅನ್ನುತ್ತಿದ್ದ. ನಾನು ಮೂರು ಬೆರಳು ಹಿಡಿದರೆ ಒಂದು ಬೆರಳನ್ನು ಮೆಲ್ಲಗೆ ನನ್ನ ಮುಷ್ಟಿಯಿಂದ ಎಳೆದುಕೊಳ್ಳುತ್ತಿದ್ದ. "ಎರಡೇ ತಿಂದೀಯ. ಬಾಯಿ ಸುಳ್ಳು ಹೇಳ್ತೈತೆ, ಕೈಯ ಹಿಡಿತ ಹೇಳಲ್ಲ ಕಣವ್ವ" ಅಂತ ನಗುತ್ತಿದ್ದ. ಒಂದು ದಿನವಾದರೂ ಅವನು ತಪ್ಪಿದ್ದು ನನಗೆ ನೆನಪಿಲ್ಲ.

ನಮ್ಮ ಮನೆಯಲ್ಲಿ ಈ ಕೈಲೆಕ್ಕ ಬಲ್ಲ ಇನ್ನೊಬ್ಬ ಅಂದರೆ ಚಿಕ್ಕಪ್ಪ, ಅಪ್ಪನ ತಮ್ಮ. ಅವರ ತಾಯಿ ತಂದೆ ಬೇಗ ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದವನು ಅಪ್ಪನೇ. "ಸಂತೇಲಿ ನನ್ನ ಬೆರಳು ಬಿಟ್ರೆ ಸಾಕು, ಕುರಿಮರಿಗಿಂತ ಜೋರಾಗಿ ಅಳ್ತಿದ್ದ ನಿಮ್ಮ ಚಿಕ್ಕಪ್ಪ" ಅಂತ ಅಪ್ಪ ಎಲ್ಲರ ಎದುರಿಗೆ ಹೇಳಿ ಅವನ ಮಾನ ಕಳೆಯುತ್ತಿದ್ದ. ಚಿಕ್ಕಪ್ಪ ಓದಿ, ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ತಾನೇ ಒಂದು ಮಂಡಿ ಇಟ್ಟ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಗೆ ವಾಚು. ಜಗಳೂರಿಗೆ ಬಂದರೆ ಸಂತೆ ಮಾಳದ ಕಡೆ ತಲೆ ಹಾಕುತ್ತಿರಲಿಲ್ಲ, ಕುರಿ ವಾಸನೆ ಅಂತ. ಒಳ್ಳೆಯವನೇ. ಆದರೆ ದೊಡ್ಡ ಮನುಷ್ಯ ಆದವರ ಒಳ್ಳೆಯತನ ಹೆಂಗಿರುತ್ತೆ ನಿಮಗೆ ಗೊತ್ತಲ್ಲ, ಎಲ್ಲ ಅವರೇ ತೀರ್ಮಾನ ಮಾಡಬೇಕು.

ಎಂಬತ್ತರ ದಶಕ ಶುರುವಾಗಿತ್ತು. ನಾನು ಮದುವೆಯಾಗಿ ನ್ಯಾಮತಿಯಲ್ಲಿದ್ದೆ, ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅಪ್ಪನ ದವಡೆಯಲ್ಲಿ ಒಂದು ಹುಣ್ಣು ಎದ್ದು ಎಷ್ಟೋ ದಿನವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಎಲೆ, ಸುಣ್ಣ, ತಂಬಾಕು ಸೇರಿಸಿ ಅದೇ ದವಡೆಗೆ ಒತ್ತರಿಸಿಕೊಂಡು ಜೀವಮಾನ ಕಳೆದವನು ಅವನು. ಕೊನೆಗೆ ಕತ್ತಿನಲ್ಲಿ ಗಡ್ಡೆ ಕಂಡ ಮೇಲೆ ಚಿಕ್ಕಪ್ಪ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಕರೆಂಟ್, ಅಂದರೆ ರೇಡಿಯೇಷನ್ನು, ಕೊಡಿಸಿದ. ಹುಣ್ಣು ಮಾಯ್ದ ಹಾಗಾಯಿತು. ನಾವೆಲ್ಲ ದೇವರಿಗೆ ಕಾಯಿ ಒಡೆಸಿದೆವು. ಆಮೇಲೆ ಆರು ತಿಂಗಳು ಕಳೆಯುವುದರೊಳಗೆ ಅದೇ ಕಡೆ ಮತ್ತೆ ಗಡ್ಡೆ ಎದ್ದಿತು, ಕಲ್ಲಿನ ಹಾಗೆ.

ಆಗ ಶುರುವಾಯಿತು ನನ್ನ ತಿರುಗಾಟ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಇಲ್ಲಿದ್ದರೆ ಅಲ್ಲಿಯ ಚಿಂತೆ, ಅಲ್ಲಿಗೆ ಹೋದರೆ ಮಕ್ಕಳ ಚಿಂತೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಕೂರಾಕೆ ಕಲ್ಲುಬೆಂಚು ಇದ್ದರೂ ನಾನು ಕೂತವಳಲ್ಲ, ಬಸ್ಸು ಬರುವ ತನಕ ಆ ತುದಿಯಿಂದ ಈ ತುದಿಗೆ ನಡೆದದ್ದೇ ನಡೆದದ್ದು. ಹೂವಿನವಳು ಒಂದು ಸಲ, "ಯಾಕ್ರೀ ಟೀಚರ್, ಕಾಲಿಗೆ ಚಕ್ರ ಕಟ್ಕಂಡೀರಾ?" ಅಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳೇನು ಮಾಡಿದ್ದಳು? ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತೆ, ಆ ದಿನಗಳಲ್ಲಂತೂ ಕೇಳಲೇ ಬೇಡಿ.

ಮತ್ತೆ ಬೆಂಗಳೂರಿಗೆ ಹೋದೆವು, ಅಪ್ಪ, ಚಿಕ್ಕಪ್ಪ, ನಾನು. ಡಾಕ್ಟರು ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ಅಪ್ಪನ ಬಾಯಿ ತೆರೆಸಿ ಟಾರ್ಚ್ ಹಿಡಿದರು. ಅಪ್ಪ ನನ್ನ ಕಡೆ ಕಣ್ಣು ಹೊರಳಿಸಿ, ದವಡೆ ಬಿಗಿದು ತೊದಲಾಗಿದ್ದ ಮಾತಿನಲ್ಲೇ, "ಹಲ್ಲು ನೋಡಿ ವಯಸ್ಸು ಹೇಳ್ತಾರೇನೋ" ಅಂದ. ಸಂತೆಯಲ್ಲಿ ಕುರಿಯ ಬಾಯಿ ತೆರೆದು ಹಲ್ಲು ನೋಡಿಯೇ ವಯಸ್ಸು ಕಟ್ಟುವುದು. ನನಗೆ ನಗುವೂ ಬಂತು, ಅಳುವೂ ಬಂತು.

ಆಮೇಲೆ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ ಹೇಳಿದರು. ಮತ್ತೆ ಅದೇ ಜಾಗಕ್ಕೆ ಕರೆಂಟ್ ಕೊಡುವ ಹಾಗಿಲ್ಲ. ಗಡ್ಡೆ ಕತ್ತಿನ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ, ಕುಯ್ಯುವ ಹಾಗೂ ಇಲ್ಲ. ಉಳಿದದ್ದು ಔಷಧಿ. ಹೊಸದಾಗಿ ಬಂದದ್ದು ಒಂದಿದೆ, ಅಡ್ಮಿಟ್ ಮಾಡಿಕೊಂಡು ಬಾಟಲಿಯಲ್ಲಿ ಏರಿಸಬೇಕು, ಕರುಳು ಕಿತ್ತು ಬರುವಂಥ ವಾಂತಿ, ಕಿಡ್ನಿಗೂ ಕಿವಿಗೂ ಪೆಟ್ಟು ಬೀಳಬಹುದು. ಗಡ್ಡೆ ಇಳಿಯುವ ಆಸೆ ಏನಾದರೂ ಇದ್ದರೆ ಅದರಲ್ಲೇ ಹೆಚ್ಚು. ಅದು ಬೇಡವೆಂದರೆ ಹಳೆಯ ಇಂಜೆಕ್ಷನ್ನು, ವಾರಕ್ಕೊಮ್ಮೆ ಚುಚ್ಚಿಸಿಕೊಂಡು ಮನೆಗೆ ಹೋಗಬಹುದು, ಅಷ್ಟು ಸುಸ್ತು ಮಾಡುವುದಿಲ್ಲ, ಭರವಸೆಯೂ ಅಷ್ಟಕ್ಕಷ್ಟೆ. "ಯಾವುದೂ ವಾಸಿ ಮಾಡಲ್ಲ ಅನ್ನೋದು ನಿಮಗೆ ತಿಳಿದಿರಲಿ. ಸ್ವಲ್ಪ ದಿನ ಮುಂದಕ್ಕೆ ತಳ್ಳಬಹುದು. ನೋವಿಗಷ್ಟೇ ಔಷಧಿ ತಗೊಂಡು ಮನೇಲಿ ಇರ್ತೀವಿ ಅಂದರೂ ತಪ್ಪಲ್ಲ" ಅಂದರು. ಎಷ್ಟು ದಿನ ಅಂತ ಚಿಕ್ಕಪ್ಪ ಕೇಳಿದ. ಅವರು ತಿಂಗಳ ಲೆಕ್ಕದಲ್ಲಿ ಹೇಳಿದರು. ಒಂದು ಕೈಯ ಬೆರಳು ಸಾಕಿತ್ತು.

ಹೊರಗೆ ಬಂದವನೇ ಚಿಕ್ಕಪ್ಪ ನನ್ನನ್ನು ಕಂಬದ ಮರೆಗೆ ಎಳೆದ. "ದೊಡ್ಡ ಔಷಧೀನೇ ಹಾಕ್ಸಾಣ. ಅಣ್ಣನಿಗೆ ಒಂದು ಮಾತೂ ಹೇಳಂಗಿಲ್ಲ. ಹುಣ್ಣಿಗೆ ಟಾನಿಕ್ಕು ಅಂತ ಹೇಳು, ಸಾಕು."

"ಅಪ್ಪನ್ನ ಕೇಳೋದು ಬೇಡ್ವಾ ಚಿಕ್ಕಪ್ಪ?"

"ಕೇಳಿದ್ರೆ ಎದೆ ಒಡ್ಕಂಡು ಇಲ್ಲೇ ಸಾಯ್ತಾನೆ. ಕೋಳಿ ಕೇಳಿ ಮಸಾಲೆ ಅರೀತಾರೇನೇ?"

ಆ ಗಾದೆ ಅವನ ಬಾಯಿಂದ ಬಂದದ್ದೇ ತಡ, ನನ್ನ ಮೈ ಉರಿದುಹೋಯಿತು. ಅಪ್ಪ ಏನು ಕೋಳಿಯೇ? ವಲ್ಲಿಯ ಕೆಳಗೆ ಇಬ್ಬರು ಬೆರಳು ಹಿಡಿದು ಲೆಕ್ಕ ಹಾಕುತ್ತಿರುವಾಗ ಪಕ್ಕದಲ್ಲಿ ಮೆಲುಕು ಹಾಕುತ್ತ ನಿಲ್ಲುವ ಕುರಿಯೇ? ಜೀವಮಾನವೆಲ್ಲ ಮಾತು ಕುದುರಿಸಿದವನ ಬಗ್ಗೆ ಅವನನ್ನೇ ಬಿಟ್ಟು ಮಾತು ಕುದುರಿಸುವುದು ಯಾವ ನ್ಯಾಯ? ಆದರೂ ಬಾಯಿ ಬಿಡಲಿಲ್ಲ. ಎದೆ ಒಡೆದುಕೊಂಡು ಸಾಯ್ತಾನೆ ಅಂದದ್ದು ನನ್ನನ್ನೂ ಹೆದರಿಸಿತ್ತು.

ಅಪ್ಪನನ್ನು ಒಳಗೆ ಕರೆದರು. ಚಿಕ್ಕಪ್ಪ ನಗುನಗುತ್ತ, "ಅಣ್ಣ, ಒಳ್ಳೆ ಔಷಧಿ ಬಂದೈತಂತೆ, ಸ್ವಲ್ಪ ವಾಂತಿ ಆಗ್ತೈತಂತೆ ಅಷ್ಟೇ" ಅಂದ. ಅಪ್ಪ ಅವನ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಮುಖ ಓದುವುದೇ ಅವನ ಅನ್ನ. ಏನೂ ಹೇಳದೆ ಹೆಗಲಿಂದ ವಲ್ಲಿ ತೆಗೆದು ನನ್ನ ಕೈ ಮೇಲೆ ಹಾಕಿ, ಅದರೊಳಗೆ ತನ್ನ ಕೈ ತೂರಿಸಿದ. ಆಮೇಲೆ ಗದ್ದ ಎತ್ತಿ ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೋರಿಸಿದ, ತಿಂಗಳಿಗೊಂದು ಹಾಳೆಯದು. ಚಿಕ್ಕಪ್ಪ, "ಇವತ್ತು ಮಂಗಳವಾರ ಕಣಣ್ಣ" ಅಂದ, ಅಪ್ಪ ವಾರ ಕೇಳುತ್ತಿದ್ದಾನೆ ಅಂತ ತಿಳಿದು. ನನಗೆ ತಿಳಿಯಿತು. ತಿಂಗಳ ಲೆಕ್ಕದಲ್ಲಿ ಹೇಳು ಅಂತ ಅಪ್ಪ ಕೇಳುತ್ತಿದ್ದ.

ಅಯ್ಯೋ ದೇವರೇ, ಆ ಗಳಿಗೆ! ಚಿಕ್ಕಪ್ಪ ಒಂದು ಮಾರು ದೂರದಲ್ಲಿ ನಿಂತಿದ್ದಾನೆ, ಕೈಲೆಕ್ಕ ಬಲ್ಲವನೇ, ಆದರೆ ಬಟ್ಟೆಯೊಳಗಿನದು ಅವನಿಗೆ ಹೆಂಗೆ ಕಾಣಬೇಕು? ಹೇಳಬಾರದು ಅಂದುಕೊಂಡೆ, ಹೇಳದಿದ್ದರೆ ಇವನ ಮುಖ ಇನ್ನು ಯಾವತ್ತೂ ನೋಡಲಾರೆ ಅಂತಲೂ ಅಂದುಕೊಂಡೆ. ಕೊನೆಗೆ ಅಪ್ಪನ ಬೆರಳು ಹಿಡಿದೆ. ನಿಜ ಎಷ್ಟಿತ್ತೋ ಅದಕ್ಕಿಂತ ಒಂದು ಹೆಚ್ಚು ಹಿಡಿದೆ. ಮಗಳ ಕೈ, ಏನು ಮಾಡಲಿ?

ಅಪ್ಪ ನನ್ನ ಹಿಡಿತ ತೂಗಿ ನೋಡಿದ. ಆಮೇಲೆ ಒಂದು ಬೆರಳನ್ನು ಮೆಲ್ಲಗೆ ನನ್ನ ಮುಷ್ಟಿಯಿಂದ ಎಳೆದುಕೊಂಡ. ರೊಟ್ಟಿ ಲೆಕ್ಕದಲ್ಲಿ ಎಳೆದುಕೊಳ್ಳುತ್ತಿದ್ದ ಹಾಗೇ. ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

ಎದೆ ಒಡೆದುಕೊಳ್ಳಲಿಲ್ಲ ಅವನು. ವಲ್ಲಿಯನ್ನು ಸರಿಮಾಡಿದ, ಮತ್ತೆ ವ್ಯಾಪಾರಕ್ಕೆ ನಿಂತ. ತೊದಲುತ್ತ, ಕೈಸನ್ನೆ ಮಾಡುತ್ತ, ಅರ್ಥವಾಗದ್ದನ್ನು ನನ್ನ ಬಾಯಿಂದ ಹೇಳಿಸುತ್ತ ಔಷಧಿಯ ವಿಚಾರವೆಲ್ಲ ಕೇಳಿದ. ಕಿವಿ ಹೋಗ್ತೈತಾ? ಸಂತೆಗೆ ಹೋಗಬಹುದಾ? ವಾಂತಿ ಎಷ್ಟು ದಿನ? ಚಿಕ್ಕಪ್ಪ ನಡುವೆ ಬಾಯಿ ಹಾಕಿದರೆ ಸಂತೆಯಲ್ಲಿ ಪುಂಡರನ್ನು ಗದರುವ ಹಾಗೆ ಕೈ ಬೀಸಿ ಸುಮ್ಮನಿರಿಸಿದ. ಡಾಕ್ಟರು ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ಕೊನೆಗೆ ನನ್ನ ಕೈಯಲ್ಲಿ ಎರಡು ಬೆರಳು ಹಿಡಿದು ತನ್ನ ಹಲ್ಲು ತೋರಿಸಿದ, ಮೊದಲು ಪರೀಕ್ಷೆ, ಆಮೇಲೆ ವ್ಯಾಪಾರ ಅಂತ. ನಾನು ಹೇಳಿದೆ, "ದೊಡ್ಡ ಔಷಧೀನೇ ಆಗ್ಲಿ ಅಂತಾನೆ ಸಾರ್. ಎರಡು ಸಲ ಹಾಕಿ ನೋಡ್ರಿ. ಗಡ್ಡೆ ಇಳಿದ್ರೆ ಮುಂದಿನ ಮಾತು. ಇಳೀಲಿಲ್ಲ ಅಂದ್ರೆ ವ್ಯಾಪಾರ ಅಲ್ಲಿಗೆ ಮುಗೀತು, ಮೂರನೇದು ಬೇಡ."

ಡಾಕ್ಟರು ನಕ್ಕರು. "ನಾವೂ ಹಾಗೇ ಮಾಡೋದು. ಎರಡಾದ ಮೇಲೆ ನೋಡಿಯೇ ಮುಂದಕ್ಕೆ ಹೋಗೋದು." ಅಪ್ಪ ಬಿಡಲಿಲ್ಲ. ಅವರ ಕೈಯನ್ನೂ ವಲ್ಲಿಯ ಕೆಳಗೆ ಎಳೆದುಕೊಂಡು ಒಂದು ಸಲ ಅದುಮಿ, ವಲ್ಲಿ ಕೊಡವಿ ಹೆಗಲಿಗೆ ಹಾಕಿದ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಆ ಡಾಕ್ಟರು ಸಣ್ಣ ಹುಡುಗನ ಹಾಗೆ ತಮ್ಮ ಕೈ ನೋಡಿಕೊಂಡರು.

ಚಿಕ್ಕಪ್ಪ ಕಾರಿಡಾರಿನಲ್ಲಿ ನನ್ನ ಬೆನ್ನು ಬಿದ್ದ. "ಒಳಗೆ ಏನು ಹೇಳಿದೆ?" "ಏನೂ ಇಲ್ಲ." "ಏನೂ ಇಲ್ದೆ ಮುಖ ಹಂಗ್ಯಾಕೆ ಆಯ್ತು?" "ವಲ್ಲಿ ಒಳಗಿನ ಮಾತು ಕೇಳಬಾರದು ಅಂತ ನಿನಗೆ ಗೊತ್ತಿಲ್ವಾ? ಸಂತೇಲಿ ಬೆಳೆದೋನಲ್ವಾ ನೀನು?" ಅಂದೆ. ಬಿಲ್ಲು ಕಟ್ಟಲು ಹೊರಟುಹೋದ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಒಂದು ಹೆಮ್ಮೆ. ಅಪ್ಪ ಕೈ ಚಾಚಿದ್ದು ನನ್ನ ಕಡೆಗೆ, ಇಸ್ತ್ರಿ ಪಂಚೆಯ ಕಡೆಗಲ್ಲ.

ಮೊದಲನೆಯ ಸಲ ಅಪ್ಪ ಪಟ್ಟ ಪಾಡು ಶತ್ರುವಿಗೂ ಬೇಡ. ನೀರು ಕಂಡರೂ ವಾಂತಿ. ಬಾಯಲ್ಲಿ ಕಬ್ಬಿಣ ಕಚ್ಚಿದ ರುಚಿ ಅಂತಿದ್ದ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನ್ಯಾಮತಿಗೆ, ನನ್ನ ಮನೆಗೇ ಕರೆತಂದೆ. ನಮ್ಮ ಮನೆಯವರು ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿಬಿಟ್ಟರು, ವಾಸನೆಗೆ ಮಾವನ ಹೊಟ್ಟೆ ತೊಳಸುತ್ತೆ ಅಂತ. ಎರಡು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಕತ್ತು ಮುಟ್ಟಿ ನೋಡಿದರೆ ಗಡ್ಡೆ ಮೆತ್ತಗಾಗಿದೆ! ಅಪ್ಪ ಒಂದು ಲೋಟ ರಾಗಿ ಗಂಜಿ ಪೂರ್ತಿ ಕುಡಿದ. ನಾನು ಸ್ಕೂಲಿನಲ್ಲಿ ಮಕ್ಕಳಿಗೆಲ್ಲ ಪೆಪ್ಪರಮೆಂಟು ಹಂಚಿದೆ. ಅವನು ಹಟ ಹಿಡಿದು ಜಗಳೂರಿಗೆ ಹೋಗಿ ಸಂತೆಯಲ್ಲಿ ಒಂದು ವ್ಯಾಪಾರವನ್ನೂ ಮಾಡಿಸಿ ಬಂದ. ಬಾಯಿಂದ ಒಂದು ಮಾತಿಲ್ಲ, ಬೋಳು ತಲೆಗೆ ರುಮಾಲು, ಆದರೂ ಎರಡು ಕಡೆಯವರೂ ಒಪ್ಪಿದರಂತೆ. ಆ ದಿನಗಳಲ್ಲಿ ನನಗೆ ಹುಚ್ಚು ಆಸೆ ಹುಟ್ಟಿಬಿಟ್ಟಿತು. ಡಾಕ್ಟರು ಹೇಳಿದ್ದು ಮರೆತೇ ಹೋಯಿತು. ಮರೆತೆನೋ, ಮರೆತ ಹಾಗೆ ಮಾಡಿದೆನೋ.

ಎರಡನೆಯದಾದ ಮೇಲೆ ಗಡ್ಡೆ ಇಳಿಯಲಿಲ್ಲ. ಅಷ್ಟೇ ಅಲ್ಲ, ಮೊದಲಿಗಿಂತ ದೊಡ್ಡದಾಗಿ ಎದ್ದಿತು. ಅಪ್ಪನ ಕಿವಿಯಲ್ಲಿ ಸದಾ ಜೀರುಂಡೆ ಕೂಗುವ ಸದ್ದು. ಎದ್ದು ನಿಂತರೆ ಗೋಡೆ ಹಿಡಿಯಬೇಕು.

ಮತ್ತೆ ಆ ಡಾಕ್ಟರ ಕೋಣೆ, ಅದೇ ಕ್ಯಾಲೆಂಡರು, ಒಂದಷ್ಟು ಹಾಳೆ ಕಮ್ಮಿ. ಡಾಕ್ಟರು ಅಪ್ಪನ ಕತ್ತು ಮುಟ್ಟಿ ನೋಡಿ ಕೈ ತೊಳೆದುಕೊಂಡು ಬಂದು ಕೂತರು. "ಮೂರನೆಯದು ಕೊಡಬಹುದು. ಕೊಟ್ಟರೆ ಉಪಯೋಗ ಆಗತ್ತೆ ಅಂತ ನನಗೆ ಅನ್ನಿಸಲ್ಲ. ನೀವು ಏನಂತೀರಿ?" ಅಂದರು.

ಚಿಕ್ಕಪ್ಪ ತಕ್ಷಣ, "ಹಾಕ್ರಿ ಸಾರ್" ಅಂದ. ಅದು ನನಗೆ ಗೊತ್ತಿದ್ದದ್ದೇ. ಆಶ್ಚರ್ಯವೆಂದರೆ ನನ್ನ ಬಾಯಿಂದ ಬಂದದ್ದು. "ಹೌದು ಸಾರ್, ಹಾಕ್ರಿ. ಮೊದಲನೇದಕ್ಕೆ ಇಳಿದಿತ್ತಲ್ಲ, ಇನ್ನೊಂದಕ್ಕೆ ಇಳಿದ್ರೂ ಇಳೀಬಹುದು."

ಅಪ್ಪ ನನ್ನ ಕಡೆ ತಿರುಗಿದ. ಎರಡು ಬೆರಳು ಎತ್ತಿ ತೋರಿಸಿದ. ಆಡಿದ ಮಾತು ನೆನಪಿದೆಯಾ ಅಂತ.

"ಇದೇನು ಕುರಿ ವ್ಯಾಪಾರಾನಾ ಅಪ್ಪಾ!" ಅಂತ ಕಿರುಚಿಬಿಟ್ಟೆ. ಹೊರಗೆ ಕೂತ ರೋಗಿಗಳೆಲ್ಲ ಇಣುಕಿ ನೋಡಿದರು. "ನಿನ್ನ ಮಾತು ನಿನ್ನ ಸಂತೇಲಿ ಇಟ್ಕೋ. ನನಗೆ ಅಪ್ಪ ಬೇಕು!"

ಅಪ್ಪನಿಗೆ ಸಿಟ್ಟು ಬರಲಿಲ್ಲ. ಹೆಗಲಿಂದ ವಲ್ಲಿ ತೆಗೆದ. ನಾನು ಅಳುತ್ತಲೇ ಕೈ ಮುಂದೆ ಚಾಚಿದೆ. ಅವನು ನನ್ನ ಕೈ ದಾಟಿಸಿ ವಲ್ಲಿಯನ್ನು ಚಿಕ್ಕಪ್ಪನ ಕೈ ಮೇಲೆ ಹಾಕಿದ. ಆ ವಾಚಿನ ಕೈ ಮೇಲೆ. ಎಷ್ಟು ವರ್ಷವಾಗಿತ್ತೋ ಏನೋ ಆ ಕೈ ವಲ್ಲಿಯ ಕೆಳಗೆ ಹೋಗಿ. ಚಿಕ್ಕಪ್ಪ ಗಾಬರಿಯಾಗಿ ನಿಂತ. ಬಟ್ಟೆ ಅಲ್ಲಾಡಲೇ ಇಲ್ಲ. ನಾನು ಅದನ್ನೇ ನೋಡುತ್ತಿದ್ದೆ, ಒಂದು ನೆರಿಗೆಯೂ ಅಲ್ಲಾಡಲಿಲ್ಲ. ಬಹಳ ಹೊತ್ತು ಹಂಗೇ ನಿಂತಿದ್ದರು ಅಣ್ಣ ತಮ್ಮ. ನೋಡನೋಡುತ್ತಿದ್ದಂತೆ ಚಿಕ್ಕಪ್ಪನ ಗದ್ದ ಅದುರತೊಡಗಿತು, ಕಣ್ಣಿಂದ ನೀರು ದಳದಳ ಇಳಿಯಿತು. ಅಂಗಿಯ ತೋಳಲ್ಲೇ ಮುಖ ಒರೆಸಿಕೊಂಡು ಡಾಕ್ಟರಿಗೆ ಹೇಳಿದ, "ಬೇಡ ಸಾರ್. ನೋವಿಗೆ ಏನಾದ್ರೂ ಬರ್ಕೊಡ್ರಿ. ಅಣ್ಣನ್ನ ಮನೆಗೆ ಕರ್ಕಂಡು ಹೋಗ್ತೀನಿ."

ನಾನು ಚಿಕ್ಕಪ್ಪನ ಜೊತೆ ಜಗಳೂರು ಮುಟ್ಟುವ ತನಕ ಮಾತಾಡಲಿಲ್ಲ. ಅವನು ಮಂಡಿಯನ್ನು ಗುಮಾಸ್ತನಿಗೆ ಬಿಟ್ಟು ಕೊನೆಯವರೆಗೂ ಜಗಳೂರಿನಲ್ಲೇ ಉಳಿದ. ಸಂತೆಯ ದಿನ ಅಪ್ಪನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಮಾಳಕ್ಕೆ ಕರೆದುಕೊಂಡು ಹೋಗಿ, ತಾನೂ ಆ ಕುರಿ ಹಿಕ್ಕೆಯ ನಡುವೆ ಬಿಳಿ ಪಂಚೆಯಲ್ಲಿ ನಿಲ್ಲುತ್ತಿದ್ದ. ನಾನು ವಾರವಾರ ಬಸ್ಸು ಹತ್ತಿ ಇಳಿದು ಓಡಾಡಿದೆ. ನಾನು ಎರಡು ದಿನ ಹೆಚ್ಚಿಗೆ ಉಳಿದ ಒಂದು ಸಲ, ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅಪ್ಪ ಹೋದ. ಡಾಕ್ಟರು ಹೇಳಿದ ಲೆಕ್ಕಕ್ಕೆ ಹೆಚ್ಚುಕಮ್ಮಿ ಸರಿಯಾಗಿಯೇ.

ಆಮೇಲೆ ವರ್ಷಗಟ್ಟಲೆ ಚಿಕ್ಕಪ್ಪನ ಜೀವ ತಿಂದೆ ನಾನು. ಮದುವೆಯಲ್ಲಿ ಸಿಕ್ಕರೆ ಕೇಳುವುದು, ಹಬ್ಬಕ್ಕೆ ಬಂದರೆ ಕೇಳುವುದು. ಒಳಗೆ ಏನು ಹೇಳಿದ ಅಪ್ಪ? "ವಲ್ಲಿ ಒಳಗಿನ ಮಾತು ಕೇಳಬಾರದು ಅಂತ ನೀನೇ ಹೇಳಿದ್ದೆಯಲ್ಲವ್ವ" ಅಂತ ನನ್ನ ಮಾತನ್ನೇ ನನಗೆ ತಿರುಗಿಸಿ ಕೊಡುತ್ತಿದ್ದ. ಎಷ್ಟು ಬೆರಳು ಹಿಡಿದಿರಬಹುದು, ಏನು ಲೆಕ್ಕ ಇರಬಹುದು ಅಂತ ಪಾಠ ಮಾಡುತ್ತ ಮಾಡುತ್ತ ಅದೇ ಯೋಚನೆ.

ಕೊನೆಗೆ ಹೇಳಿದ. ಒಂದು ದಿನ ಚನ್ನಗಿರಿಗೆ ಹೋದವಳು ಅವನ ಮಂಡಿಯಲ್ಲಿ ಕೂತಿದ್ದೆ. ಅವನಿಗೂ ವಯಸ್ಸಾಗಿತ್ತು. ನಾನು ಆ ದಿನ ಕೇಳಿರಲೂ ಇಲ್ಲ.

"ಏನೂ ಹೇಳ್ಲಿಲ್ಲ ಕಣವ್ವ ನಿಮ್ಮಪ್ಪ. ಲೆಕ್ಕ ಗಿಕ್ಕ ಏನೂ ಇಲ್ಲ. ನನ್ನ ಬೆರಳನ್ನ ಮುಷ್ಟೀಲಿ ಬಿಗಿಯಾಗಿ ಹಿಡ್ಕಂಡು ಸುಮ್ಮನೆ ನಿಂತ. ಸಂತೆ ಮುಗಿಯೋ ಹೊತ್ತಿಗೆ ನನಗೆ ನಿದ್ದೆ ಬಂದುಬಿಡೋದು. ನಾನು ಅವನ ಬೆರಳು ಹಂಗೇ ಹಿಡ್ಕಂತಿದ್ದೆ, ಮನೆಗೆ ಹೋಗಾಣ ಅಂತ. ಬಾಯಿ ಬಿಟ್ಟು ಕೇಳಾಕೆ ಹೆದರಿಕೆ ಆಗೋದು. ಎಂಥ ದೊಡ್ಡ ವ್ಯಾಪಾರ ಇದ್ರೂ ಬಿಟ್ಟು ನನ್ನ ಎತ್ಕಂಡು ಹೊರಡೋನು."

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಅದೇ ಸಂತೆಯಲ್ಲಿ ಅದೇ ಬೆರಳು ಹಿಡಿದು ನಾನೂ ಓಡಾಡಿದವಳಲ್ಲವೇ? ನಿಜ ಕೇಳಬೇಕಾದಾಗ ನನ್ನ ಕೈ ಬೇಕಾಗಿತ್ತು, ಆಮೇಲೆ ಬೇಡವಾಯಿತೇ? ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಅತ್ತೆ. ಹೊನ್ನಾಳಿಯಲ್ಲಿ ಇಳಿದು ನ್ಯಾಮತಿ ಬಸ್ಸಿಗೆ ಕಾಯುತ್ತ, ಆ ತುದಿಯಿಂದ ಈ ತುದಿಗೆ ನಡೆಯುತ್ತಿರುವಾಗ ಹೊಳೆಯಿತು. ಆವತ್ತು ನನ್ನ ಬೆರಳು ಹಿಡಿದಿದ್ದರೆ ನಾನು ಮನೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಅದು ಅಪ್ಪನಿಗೆ ಗೊತ್ತಿತ್ತು.